ಕೆಂಪು ಚುಕ್ಕೆ ಇರುತ್ತೋ ಇಲ್ಲವೋ

ಪ್ರತಿ ವರ್ಷ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ, ಫೆಬ್ರುವರಿ ಕೊನೆಗೋ ಮಾರ್ಚ್ ಮೊದಲಿಗೋ ಬಾರ್ಸಿಲೋನಾದಲ್ಲಿ ತಂತ್ರಜ್ಞಾನದ ದೊಡ್ಡ ಮೇಳಗಳು ನಡೆಯುತ್ತವೆ. ಲ್ಯಾಪ್‌ಟಾಪ್ ಕಂಪನಿಗಳು ಹೊಸ ಮಾದರಿಗಳನ್ನು ಹೊರಗೆಡಹುವುದು ಹೆಚ್ಚಾಗಿ ಅಲ್ಲೇ. ಆ ದಿನಗಳು ಹತ್ತಿರ ಬಂದಂತೆ ಥಿಂಕ್‌ಪ್ಯಾಡ್ ಮೆಚ್ಚಿಕೊಂಡವರಲ್ಲಿ ಆಸೆಯೂ ಅಳುಕೂ ಒಟ್ಟೊಟ್ಟಿಗೇ ಏರುತ್ತವೆ. ಇಲ್ಲಿ ಮಾತಾಡುತ್ತಿರುವ ಇಬ್ಬರಲ್ಲಿ ಹಿರಿಯರು ಅನುವಾದಕರು, ಪ್ರಕಾಶಕರಿಗೆ ಕರಡು ತಿದ್ದಿಕೊಡುವವರು. 2018ರ ಥಿಂಕ್‌ಪ್ಯಾಡ್ ಟಿ480 ಅವರ ಮೇಜಿನ ಮೇಲಿದೆ. ಕಿರಿಯಳು ಅವರ ಅಕ್ಕನ ಮಗಳು, ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಎಂಜಿನಿಯರ್. ಮುಂದಿನ ಮಾದರಿ ಮೈಕಟ್ಟನ್ನೇ ಬದಲಿಸಿಕೊಂಡು ಬರಲಿದೆ ಎಂಬ ಸುದ್ದಿ ಇಬ್ಬರ ಕಿವಿಗೂ ಬಿದ್ದಿದೆ.

ಕಿರಿಯಳು: ಮಾವ, ಈಗ ಲ್ಯಾಪ್‌ಟಾಪ್ ತಗೋಬೇಡಿ, ಸ್ವಲ್ಪ ದಿನ ತಡೀರಿ. ಪೂರ್ತಿ ಹೊಸ ಮೈಕಟ್ಟು ಬರುತ್ತೆ ಅಂತಿದ್ದಾರೆ. ಇವತ್ತು ಹಳೇದಕ್ಕೆ ದುಡ್ಡು ಸುರಿದು ನಾಳೆ ಪೇಚಾಡೋದು ಯಾಕೆ?

ಹಿರಿಯರು: ನಾನು ಅವಸರ ಮಾಡ್ತಿರೋದೇ ಅದಕ್ಕೆ ಕಣಮ್ಮ. ಹೊಸದು ಬಂದ ಮೇಲೆ ಹಳೇದು ಅಂಗಡಿಯಲ್ಲಿ ಉಳಿಯಲ್ಲ. ಹೊಸದರಲ್ಲಿ ಏನೇನು ಕಿತ್ತು ಹಾಕಿರ್ತಾರೋ!

ಕಿರಿಯಳು: ಕಿತ್ತು ಹಾಕ್ತಾರೆ ಅಂತಲೇ ಯಾಕೆ ಶುರು ಮಾಡ್ತೀರಿ? ಏನು ಕೊಡ್ತಾರೆ ಅಂತಲೂ ಕೇಳಬಹುದಲ್ವಾ? ನನಗಂತೂ ಹೊಸ ಮಾದರಿ ಅಂದ್ರೆ ಇವತ್ತಿಗೂ ಹುಮ್ಮಸ್ಸು. ಹಿಂಜ್ ಎಲ್ಲಿರಬೇಕು, ಬಿಸಿಗಾಳಿ ಯಾವ ಕಡೆ ಹೊರಗೆ ಹೋಗಬೇಕು, ಬ್ಯಾಟರಿಗೆ ಎಷ್ಟು ಜಾಗ ಬಿಡಬೇಕು ಅಂತ ಯಾರೋ ಮೊದಲಿಂದ ಕೂತು ಯೋಚನೆ ಮಾಡಿರ್ತಾರೆ. ಅದು ನನ್ನ ಕೆಲಸವೇ ಆಗಿರೋದರಿಂದ ಅದರ ಹಿಂದಿನ ದುಡಿಮೆ ನನಗೆ ಕಾಣುತ್ತೆ.

ಹಿರಿಯರು: ದುಡಿಮೆ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಈ ಯಂತ್ರದ ಚರಿತ್ರೆ ಗೊತ್ತಿರೋನಿಗೆ ಅಳುಕು ಬಾರದೆ ಇರುತ್ತಾ? 2012 ನೆನಪು ಮಾಡ್ಕೋ. ಅಲ್ಲೀವರೆಗೆ ಏಳು ಸಾಲಿನ ಕೀಬೋರ್ಡು. ಹೋಮ್, ಎಂಡ್, ಇನ್‌ಸರ್ಟ್, ಡಿಲೀಟ್, ಪೇಜ್ ಅಪ್, ಪೇಜ್ ಡೌನ್ ಆರೂ ಬಲಗಡೆ ಮೇಲಿನ ಮೂಲೇಲಿ ಒಂದೇ ಗುಂಪಾಗಿ ಇರ್ತಿದ್ದವು. ಟಿ430, ಎಕ್ಸ್230 ಬಂದವು, ಒಂದು ಸಾಲು ಹೋಯ್ತು, ಕೀಗಳೆಲ್ಲ ಬಿಡಿಬಿಡಿ ಬಿಲ್ಲೆ ಆದವು. ಮರುವರ್ಷ ಟಿ440 ಬಂತು. ಟ್ರ್ಯಾಕ್‌ಪಾಯಿಂಟ್, ಅಂದ್ರೆ ಕರ್ಸರ್ ಸರಿಸೋ ಕೆಂಪು ಚುಕ್ಕೆ, ಅದರ ಕೆಳಗಿದ್ದ ಮೂರು ಬಟನ್ನೇ ಮಾಯ, ಇಡೀ ಟಚ್‌ಪ್ಯಾಡನ್ನ ಅದುಮಬೇಕು. 2014ರ ಎಕ್ಸ್1 ಕಾರ್ಬನ್‌ನಲ್ಲಿ ಎಫ್1ರಿಂದ ಎಫ್12ರವರೆಗಿನ ಕೀಗಳ ಜಾಗಕ್ಕೆ ಬೆಳಕಿನ ಪಟ್ಟಿ ಬಂತು, ಕ್ಯಾಪ್ಸ್ ಲಾಕ್ ಇದ್ದ ಕಡೆ ಹೋಮ್, ಎಂಡ್ ಬಂದು ಕೂತವು. ಮೂರು ವರ್ಷದಲ್ಲಿ ಮೂರು ಪೆಟ್ಟು.

ಕಿರಿಯಳು: ಕಥೇನ ಅರ್ಧಕ್ಕೆ ನಿಲ್ಲಿಸಬೇಡಿ. 2015ರಲ್ಲಿ ಟಿ450, ಎಕ್ಸ್250 ಬಂದಾಗ ಆ ಮೂರೂ ಬಟನ್ ವಾಪಸ್ ಬಂದವು. ಕಾರ್ಬನ್‌ನ ಬೆಳಕಿನ ಪಟ್ಟಿಯೂ ಅದೇ ವರ್ಷ ಹೋಗಿ ಮಾಮೂಲಿ ಕೀ ಬಂದವು. ಎಡವಿದ್ದು ಗೊತ್ತಾದ್ರೆ ತಿದ್ದಿಕೊಳ್ತಾರೆ.

ಹಿರಿಯರು: ತಾವಾಗಿ ತಿದ್ದಿಕೊಂಡರಾ? ಬಳಸೋರು ಸುಮ್ಮನೆ ಕೂರಲಿಲ್ಲ, ಅದಕ್ಕೆ ತಿದ್ದಿದರು. ನಾನು ಅಳುಕು ಅಂದೆನಲ್ಲ, ಆ ಬಟನ್‌ಗಳನ್ನ ವಾಪಸ್ ತಂದದ್ದು ಅದೇ. ಆಪಲ್‌ನವರ ಕಥೇನೂ ನೋಡು. 2016ರ ಹೊಸ ಮ್ಯಾಕ್‌ಬುಕ್ ಪ್ರೊನಲ್ಲಿ ಎಚ್‌ಡಿಎಂಐ ತೆಗೆದರು, ಎಸ್‌ಡಿ ಕಾರ್ಡಿನ ಕಿಂಡಿ ತೆಗೆದರು, ಮ್ಯಾಗ್‌ಸೇಫ್ ಚಾರ್ಜರ್ ತೆಗೆದರು. 2021ರಲ್ಲಿ ಮೂರೂ ಮರಳಿ ಬಂದವು. ನಡುವಿನ ಐದು ವರ್ಷದಲ್ಲಿ ದುಡ್ಡು ಕೊಟ್ಟು ತಗೊಂಡವರ ಪಾಡೇನು?

ಕಿರಿಯಳು: ಅದೇ ಐದು ವರ್ಷದ ಒಳಗೆ, 2020ರಲ್ಲಿ, ಅದೇ ಕಂಪನಿ ಇಂಟೆಲ್ ಬಿಟ್ಟು ತನ್ನದೇ ಚಿಪ್ ತಂತು. ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಇಡೀ ದಿನ ಒಂದೇ ಚಾರ್ಜಿನಲ್ಲಿ ಓಡೋದಕ್ಕೆ ಶುರುವಾಯ್ತು. ಬಳಸೋರನ್ನ ಮೊದಲೇ ಕರೆದು ಕೇಳಿದ್ದರೆ ಚಿಪ್ ಬದಲಿಸಿ ಅಂತ ಎಷ್ಟು ಜನ ಹೇಳ್ತಿದ್ದರು? ‘ನಮ್ಮ ತಂತ್ರಾಂಶ ನಿಂತುಹೋಗುತ್ತೆ, ಮುಟ್ಟಬೇಡಿ’ ಅಂತಿದ್ದರು. ಜನ ಕೇಳದೆ ಇದ್ದದ್ದನ್ನ ಕೊಡೋದಕ್ಕೂ ಧೈರ್ಯ ಬೇಕು ಮಾವ.

ಹಿರಿಯರು: ಧೈರ್ಯ ಸರಿ. ಸೇರಿಸೋ ಧೈರ್ಯಕ್ಕೂ ತೆಗೆಯೋ ಧೈರ್ಯಕ್ಕೂ ವ್ಯತ್ಯಾಸ ಇದೆ.

ಕಿರಿಯಳು: ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಕ್ಸ್220 ಇದ್ದಾಗ ‘ಈ ಬಿಲ್ಲೆ ಕೀಬೋರ್ಡಿಗೆ ನಾನು ಬರಲ್ಲ’ ಅಂತಿದ್ರಿ. ಈಗ ಬೆಳಗಿಂದ ರಾತ್ರಿವರೆಗೂ ನಿಮ್ಮ ಬೆರಳು ಆಡ್ತಿರೋದು ಬಿಲ್ಲೆ ಕೀಬೋರ್ಡಿನ ಮೇಲೇ.

ಹಿರಿಯರು: ಒಗ್ಗಿಹೋಗೋದು ಬೇರೆ, ಒಪ್ಪೋದು ಬೇರೆ. ಇಲ್ಲಿ ಬಾ, ಹತ್ತಿರದಿಂದ ನೋಡು. ಈ ಕೀಬೋರ್ಡಲ್ಲಿ ಯಾವ ಕೀ ಹೆಚ್ಚು ಸವೆದಿದೆ ಹೇಳು.

ಕಿರಿಯಳು: ಎಫ್! ಅಕ್ಷರ ಅರ್ಧ ಅಳಿಸಿಹೋಗಿದೆ, ಎಣ್ಣೆ ಸವರಿದಂಗೆ ಮಿಂಚ್ತಿದೆ. ಇಂಗ್ಲಿಷ್ ಟೈಪ್ ಮಾಡೋರ ಹತ್ರ ಎಫ್ ಹೀಗೆ ಸವೆಯೋದಿಲ್ಲ.

ಹಿರಿಯರು: ಕನ್ನಡದವರ ಹತ್ತಿರ ಸವೆಯುತ್ತೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಅಂದ್ರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಬಂದದ್ದರಲ್ಲಿ, ಒತ್ತಕ್ಷರ ಬೇಕಾದರೆ ಎಫ್ ಒತ್ತಬೇಕು. ‘ರಾಷ್ಟ್ರ’ ಅಂತ ಬರೆಯೋಕೆ ಷಕಾರಕ್ಕೂ ಟಕಾರಕ್ಕೂ ನಡುವೆ ಒಂದು ಎಫ್, ಟಕಾರಕ್ಕೂ ರಕಾರಕ್ಕೂ ನಡುವೆ ಇನ್ನೊಂದು. ಎಡಗೈ ತೋರುಬೆರಳು ಯಾವಾಗಲೂ ಅಲ್ಲೇ ಕೂತಿರಬೇಕು. ದೀರ್ಘಕ್ಕೂ ಮಹಾಪ್ರಾಣಕ್ಕೂ ಕಿರುಬೆರಳು ಶಿಫ್ಟ್ ಮೇಲೆ. ಈಗ ಕರ್ಸರ್ ನಾಲ್ಕು ಸಾಲು ಮೇಲಕ್ಕೆ ಹೋಗಬೇಕು ಅಂದ್ಕೋ. ಟಚ್‌ಪ್ಯಾಡ್ ಆದರೆ ಕೈ ಎತ್ತಬೇಕು, ಕೆಳಕ್ಕೆ ಬರಬೇಕು, ಸವರಬೇಕು, ಮತ್ತೆ ಮೇಲೆ ಹೋಗಿ ಎಫ್ ಹುಡುಕಬೇಕು. ಕೆಂಪು ಚುಕ್ಕೆ ಇರೋದು ಜಿ, ಎಚ್, ಬಿ ಮೂರರ ನಡುವೆ. ತೋರುಬೆರಳನ್ನ ಒಂದು ಕೀ ಆಚೆ ಸರಿಸಿ ತಳ್ಳಿದ್ರೆ ಆಯ್ತು, ಉಳಿದ ಬೆರಳು ಇದ್ದಲ್ಲೇ ಇರ್ತವೆ. ಹಳೇ ಮನೆ ಮೆಟ್ಟಿಲನ್ನ ಕತ್ತಲಲ್ಲೂ ಕಾಲು ಗುರುತಿಸುತ್ತಲ್ಲ, ಹಾಗೆ. ದಿನಕ್ಕೆ ನೂರಾರು ಸಲ ಈ ಓಡಾಟ ತಪ್ಪಿದರೆ ಭುಜಕ್ಕೆ ಎಷ್ಟು ಆರಾಮ ಅಂತ ಕರಡು ತಿದ್ದೋರನ್ನ ಕೇಳು.

ಕಿರಿಯಳು: ಒಪ್ಪಿದೆ. ಆದರೆ ಆ ಚುಕ್ಕೆಯೂ ಒಂದು ಕಾಲಕ್ಕೆ ಹೊಸ ವಿನ್ಯಾಸವೇ ಆಗಿತ್ತು. 1992ರ ಅಕ್ಟೋಬರ್‌ನಲ್ಲಿ ಐಬಿಎಂ ಥಿಂಕ್‌ಪ್ಯಾಡ್ 700ಸಿ ತಂದಾಗ ಲ್ಯಾಪ್‌ಟಾಪ್‌ಗಳಲ್ಲಿ ಉರುಳೋ ಟ್ರ್ಯಾಕ್‌ಬಾಲ್ ಮಾಮೂಲಿ. ಟೆಡ್ ಸೆಲ್ಕರ್ ಅನ್ನೋ ವಿಜ್ಞಾನಿ, ಕೈ ಕೀಬೋರ್ಡಿನಿಂದ ಮೌಸಿಗೆ ಹೋಗಿಬರೋ ಸಮಯ ಉಳಿಸಬೇಕು ಅಂತ ಹೊರಟು ಟ್ರ್ಯಾಕ್‌ಪಾಯಿಂಟ್ ಕಂಡುಹಿಡಿದರು. ರಿಚರ್ಡ್ ಸಾಪರ್ ಜಪಾನಿನ ಬೆಂಟೊ ಊಟದ ಡಬ್ಬಿ ನೋಡಿ ಆ ಕಪ್ಪು ಪೆಟ್ಟಿಗೆ ರೂಪಿಸಿದರು, ಅದರ ನಡುವೆ ಕೆಂಪು ಚುಕ್ಕೆ ಇಟ್ಟರು. ಐಬಿಎಂನಲ್ಲಿ ಕೆಂಪು ಅಂದ್ರೆ ತುರ್ತಾಗಿ ನಿಲ್ಲಿಸೋ ಸ್ವಿಚ್ಚಿಗೆ ಮಾತ್ರ ಮೀಸಲು. ವಿನ್ಯಾಸ ಮಾಡಿದವರು ಇದು ಕೆಂಪಲ್ಲ, ಮಜೆಂಟಾ ಅಂತ ಸಾಧಿಸಿ ದಾಟಿಸಿದರು. ಇದ್ದದ್ದನ್ನ ಇದ್ದ ಹಾಗೇ ಬಿಡಿ ಅನ್ನೋರ ಮಾತು ಅವತ್ತು ನಡೆದಿದ್ದರೆ ನಿಮಗೆ ಈ ಚುಕ್ಕೆಯೇ ಸಿಗ್ತಿರಲಿಲ್ಲ.

ಹಿರಿಯರು: ಆ ಚುಕ್ಕೆ ಕೆಲಸ ಮಾಡೋ ಕೈ ನೋಡಿ ಹುಟ್ಟಿತು. ಈಗ ಅದನ್ನ ತೆಗೆಯೋರು ಏನು ನೋಡಿ ತೆಗೀತಿದ್ದಾರೆ? 2025ರ ಜನವರಿಯಲ್ಲಿ ಎಕ್ಸ್9 ಬಂತಲ್ಲ, ಥಿಂಕ್‌ಪ್ಯಾಡ್ ಹೆಸರು ಇದೆ, ಟ್ರ್ಯಾಕ್‌ಪಾಯಿಂಟ್ ಇಲ್ಲ.

ಕಿರಿಯಳು: ಅದು ಬೇರೆ ಸಾಲು ಮಾವ. ಟಿ ಸಾಲಿನಲ್ಲಿ, ಎಕ್ಸ್1 ಕಾರ್ಬನ್‌ನಲ್ಲಿ ಚುಕ್ಕೆ ಇದ್ದೇ ಇದೆ.

ಹಿರಿಯರು: 2010ರಲ್ಲೂ ಇದೇ ಮಾತು ಹೇಳಿದ್ರು. ಬಿಲ್ಲೆ ಕೀಬೋರ್ಡು ಮೊದಲು ಬಂದದ್ದು ಎಡ್ಜ್ ಸಾಲಿನಲ್ಲಿ, ಎಕ್ಸ್100ಇನಲ್ಲಿ. ಅಗ್ಗದ ಮಾದರಿ, ನಮಗೆ ಸಂಬಂಧ ಇಲ್ಲ ಅಂದ್ಕೊಂಡ್ವಿ. ಮರುವರ್ಷ ಎಕ್ಸ್1ಗೆ ಬಂತು. ಅದರ ಮರುವರ್ಷ ಟಿ, ಎಕ್ಸ್ ಎಲ್ಲದಕ್ಕೂ. ಹೊಸ ಪ್ರಯೋಗ ಯಾವಾಗಲೂ ಪಕ್ಕದ ಬಾಗಿಲಿಂದಲೇ ಒಳಗೆ ಬರುತ್ತೆ. ನನ್ನ ದಿಗಿಲಿಗೆ ಕಾರಣ ಇದೆ.

ಕಿರಿಯಳು: ಕಾರಣ ಇದೆ, ಒಪ್ಪಿದೆ. ನಮ್ಮ ಆಫೀಸಿನಲ್ಲಿ ಕೊಡೋದೂ ಥಿಂಕ್‌ಪ್ಯಾಡೇ. ಹೊಸದಾಗಿ ಸೇರಿದ ಹುಡುಗರು ಆ ಚುಕ್ಕೆಯನ್ನ ಮುಟ್ಟೋದೇ ಇಲ್ಲ, ಅದು ಯಾತಕ್ಕೆ ಅಂತಲೇ ಕೆಲವರಿಗೆ ಗೊತ್ತಿಲ್ಲ. ಅವರಿಗೆ ಬೇಕಾದ್ದು ದೊಡ್ಡ ಟಚ್‌ಪ್ಯಾಡ್, ಒಳ್ಳೇ ಕ್ಯಾಮೆರಾ, ಹಗುರ ಮೈ. ಸಾವಿರಗಟ್ಟಲೆ ಲ್ಯಾಪ್‌ಟಾಪ್ ಒಟ್ಟಿಗೆ ತಗೊಳ್ಳೋದು ಆಫೀಸುಗಳು. ಅಭಿಮಾನಿಗಳು ಹೊಸದನ್ನ ತಗೊಳ್ಳೋದು ಕಡಿಮೆ, ಬೇಡಿಕೆ ಇಡೋದು ಜಾಸ್ತಿ ಅಂದ್ರೆ ಕಂಪನಿ ಯಾರ ಮಾತು ಕೇಳಬೇಕು?

ಹಿರಿಯರು: ಈಗ ವಿಷಯಕ್ಕೆ ಬಂದೆ. ನಿನ್ನ ಆಫೀಸು ತಗೊಂಡ ಲ್ಯಾಪ್‌ಟಾಪ್ ಮೂರು ನಾಲ್ಕು ವರ್ಷ ಆದ ಮೇಲೆ ಎಲ್ಲಿಗೆ ಹೋಗುತ್ತೆ?

ಕಿರಿಯಳು: ಲೀಸ್ ಮುಗಿದದ್ದು ವಾಪಸ್ ಹೋಗುತ್ತೆ. ಆಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ.

ಹಿರಿಯರು: ಎಸ್.ಪಿ. ರಸ್ತೆಗೆ ಬರುತ್ತೆ. ಸಾದರ ಪತ್ರಪ್ಪನ ರಸ್ತೆಯ ಆ ಇಕ್ಕಟ್ಟು ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರ್ತಾರಲ್ಲ, ಅಲ್ಲಿ. ಒರೆಸಿ, ರ‍್ಯಾಮ್ ಹಾಕಿ, ಎಸ್‌ಎಸ್‌ಡಿ ಹಾಕಿ, ಬ್ಯಾಟರಿ ಬದಲಿಸಿ ಮಾರ್ತಾರೆ. ತಗೊಳ್ಳೋರು ಡಿಪ್ಲೊಮಾ ಓದೋ ಹುಡುಗಿ, ತಾಲ್ಲೂಕಿನಲ್ಲಿ ಡಿಟಿಪಿ ಅಂಗಡಿ ಇಟ್ಟವನು, ಹೊಸದಕ್ಕೆ ಲಕ್ಷ ಕೊಡೋಕೆ ಆಗದ ಮೇಷ್ಟ್ರು. ಟಿ480ಯಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ. ಹಿಂದಿನ ಬ್ಯಾಟರಿಯನ್ನ ಸ್ಕ್ರೂ ಬಿಚ್ಚದೆ, ಕಂಪ್ಯೂಟರ್ ಆರಿಸದೆ ತೆಗೆದು ಇನ್ನೊಂದು ಹಾಕಬಹುದು. ಎಂಟನೇ ತಲೆಮಾರಿನ ಇಂಟೆಲ್ ಚಿಪ್ ಇರೋದರಿಂದ ವಿಂಡೋಸ್ 11 ಕೂಡ ಓಡುತ್ತೆ. 2018ರ ಯಂತ್ರ ಇವತ್ತೂ ಒಂದು ಮನೆಗೆ ಅನ್ನ ಹುಟ್ಟಿಸ್ತಿದೆ ಅಂದ್ರೆ ಅವತ್ತು ಬೋರ್ಡ್ ರೂಪಿಸಿದವರು ಸ್ಲಾಟ್ ಬಿಟ್ಟಿದ್ದಕ್ಕೆ. ಮರುವರ್ಷ ಟಿ490 ಬಂತು. ಹೊರಗಿನ ಬ್ಯಾಟರಿ ಹೋಯ್ತು, ಒಂದು ಸ್ಲಾಟ್ ಹೋಗಿ ಆ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಯ್ತು. ಬಿಡುಗಡೆ ದಿನ ವೇದಿಕೆ ಮುಂದೆ ಕೂರೋರು ಮೊದಲ ಮಾಲೀಕರು. ಮೂರನೇ ಮಾಲೀಕನನ್ನ ಅಲ್ಲಿಗೆ ಯಾರೂ ಕರೆಯಲ್ಲ. ಅವನ ಪರವಾಗಿ ಮಾತಾಡೋರು ಅಭಿಮಾನಿಗಳು ಮಾತ್ರ.

ಕಿರಿಯಳು: ಈ ಮಾತು ನನಗೆ ನಾಟ್ತು. ಆದರೆ ಬೆಸುಗೆ ಹಾಕೋರಿಗೆಲ್ಲ ಕೆಟ್ಟ ಉದ್ದೇಶ ಇರುತ್ತೆ ಅಂತ ತಿಳೀಬೇಡಿ. ಕಡಿಮೆ ವಿದ್ಯುತ್ತಿನಲ್ಲಿ ವೇಗವಾಗಿ ಓಡೋ ಎಲ್‌ಪಿಡಿಡಿಆರ್ ಮೆಮೊರಿಗೆ ಚಿಪ್ಪಿನಿಂದ ಹೋಗೋ ತಾಮ್ರದ ಗೆರೆ ಆದಷ್ಟು ಗಿಡ್ಡ ಇರಬೇಕು. ನಡುವೆ ಸ್ಲಾಟ್ ಬಂದ್ರೆ ಗೆರೆ ಉದ್ದ ಆಗುತ್ತೆ, ಸಂಕೇತ ಕೆಡುತ್ತೆ. ಅದಕ್ಕೇ ಅಂಟಿಸ್ತಾರೆ. ಎಕ್ಸ್9ರಲ್ಲಂತೂ ಮೆಮೊರಿ ಪ್ರೊಸೆಸರ್ ಜೊತೆಗೇ ಒಂದೇ ಪೊಟ್ಟಣದಲ್ಲಿ ಕೂತಿದೆ. ಬ್ಯಾಟರಿ ಹೆಚ್ಚು ಹೊತ್ತು ಬಾಳೋದು ಅದರಿಂದಲೂ ಹೌದು.

ಹಿರಿಯರು: ಹಾಗಾದ್ರೆ ದಾರಿಯೇ ಇಲ್ಲ ಅನ್ನು.

ಕಿರಿಯಳು: ಇದೆ, ಅದನ್ನ ತಂದದ್ದು ಹೊಸ ವಿನ್ಯಾಸವೇ. ಎಲ್‌ಪಿ-ಕ್ಯಾಮ್2 ಅಂತ ಒಂದು ಬಗೆ ಬಂದಿದೆ. ಅದೇ ವೇಗದ ಮೆಮೊರಿಯನ್ನ ಒಂದು ಪುಟ್ಟ ಹಲಗೆಯ ಮೇಲೆ ಕೂರಿಸಿ, ಬೋರ್ಡಿಗೆ ಒತ್ತಿ ಸ್ಕ್ರೂ ಹಾಕೋದು. ಬೇಕಾದಾಗ ಬಿಚ್ಚಬಹುದು. 2024ರಲ್ಲಿ ಅದು ಮೊದಲು ಬಂದದ್ದು ಥಿಂಕ್‌ಪ್ಯಾಡ್ ಪಿ1ರ ಏಳನೇ ತಲೆಮಾರಿನಲ್ಲಿ. ಅದೇ ವರ್ಷದ ಟಿ14 ಐದನೇ ತಲೆಮಾರನ್ನ ದುರಸ್ತಿಗೆ ಹೆಸರಾದ ಐಫಿಕ್ಸಿಟ್‌ನವರ ಸಲಹೆ ತಗೊಂಡು ಮಾಡಿದರು. ಎರಡು ಸ್ಲಾಟ್ ವಾಪಸ್ ಬಂದವು, ಐಫಿಕ್ಸಿಟ್ 10ಕ್ಕೆ 9 ಅಂಕ ಕೊಟ್ಟಿತು. ಪರದೆಯನ್ನೂ ಸೇರಿಸಿಕೊಳ್ಳಿ. ನಿಮ್ಮ ಟಿ480ಯದು ಅಡ್ಡ ಅಗಲದ 16:9. 2021ರಿಂದ ಒಂದೊಂದೇ ಸಾಲಿಗೆ 16:10 ಬಂತು. ಪುಟ ತಿದ್ದೋ ನಿಮಗೆ ಒಂದೇ ನೋಟಕ್ಕೆ ಹೆಚ್ಚು ಸಾಲು ಕಾಣುತ್ತೆ. ಇದೆಲ್ಲ ಹೊಸ ಮಾದರಿಗಾಗಿ ಕಾದವರಿಗೆ ಸಿಕ್ಕಿದ್ದು.

ಹಿರಿಯರು: ಪರದೆ ವಿಚಾರ ನಿಜ, ಅದಕ್ಕೆ ನಾನೂ ಆಸೆ ಪಟ್ಟಿದ್ದೀನಿ. ಆದರೆ ಅದೇ ಹೊತ್ತಿಗೆ ಕೀ ಇಳಿಯೋ ಆಳವನ್ನ 1.8 ಮಿಲಿಮೀಟರ್‌ನಿಂದ 1.5ಕ್ಕೆ ಇಳಿಸಿದರು.

ಕಿರಿಯಳು: ಯಂತ್ರ ತೆಳ್ಳಗಾಗಲಿ ಅಂತ ತಾನೇ ಆ 0.3 ಮಿಲಿಮೀಟರ್ ಉಳಿಸಿದ್ದು? ನನ್ನ ಬ್ಯಾಗೂ ಹಗುರಾಗಿದೆ. ಟಿ480 ಒಂದೂವರೆ ಕಿಲೋಗಿಂತ ಹೆಚ್ಚು. ಈಗಿನ ಕಾರ್ಬನ್ ಒಂದು ಕಿಲೋ ಆಸುಪಾಸು. ನಿಮ್ಮದು ಮೇಜು ಬಿಟ್ಟು ಕದಲಲ್ಲ. ನಾನು ಮೆಟ್ರೋದಲ್ಲಿ ಹೆಗಲಿಗೆ ಹಾಕ್ಕೊಂಡು ನಿಂತೇ ಹೋಗ್ತೀನಿ. ನಿಮ್ಮ ಭುಜದ ನೋವು ಲೆಕ್ಕಕ್ಕೆ ಬಂದ್ರೆ ನನ್ನದೂ ಬರಬೇಕು.

ಹಿರಿಯರು: ಬರಬೇಕು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ನನ್ನ ಮಟ್ಟಿಗೆ ಈ ಸಂವಾದದ ತಿರುಳು ಇದರ ಮುಂದಿನ ಮಾತಿನಲ್ಲಿದೆ. ಹೊಸ ಮಾದರಿಗಾಗಿ ಕಾಯುವವರು ಸಾಮಾನ್ಯವಾಗಿ ಬಿಡಿಸಿ ನೋಡದ ಗಂಟೊಂದನ್ನು ಆ ಹುಡುಗಿ ಬಿಡಿಸಿದಳು.

ಕಿರಿಯಳು: ಮಾವ, ನೀವು ಎರಡು ದೂರುಗಳನ್ನ ಒಂದೇ ಗಂಟಿಗೆ ಕಟ್ಟಿದ್ದೀರಿ. ರ‍್ಯಾಮ್ ಬದಲಿಸೋಕೆ ಬರಬೇಕು, ಬ್ಯಾಟರಿ ತೆಗೆಯೋಕೆ ಬರಬೇಕು ಅನ್ನೋದು ನಿಮ್ಮ ಆ ಮೂರನೇ ಮಾಲೀಕನ ಹಕ್ಕು. ಅದಕ್ಕೆ ನಾನೂ ದನಿಗೂಡಿಸ್ತೀನಿ. ಕೆಂಪು ಚುಕ್ಕೆ, ಏಳನೇ ಸಾಲು, ಫಂಕ್ಷನ್ ಕೀ ಎಡತುದೀಲಿ ಇರಬೇಕೋ ಕಂಟ್ರೋಲ್ ಇರಬೇಕೋ ಅನ್ನೋದು ನಿಮ್ಮ ಕೈಯ ರೂಢಿ. 2024ರಿಂದ ಕಂಟ್ರೋಲ್ ಎಡತುದಿಗೆ ಬಂತು. ಬೇರೆ ಕಂಪನಿ ಲ್ಯಾಪ್‌ಟಾಪ್ ಬಳಸಿ ಬಂದವರಿಗೆಲ್ಲ ಅದು ಸಲೀಸು. ರೂಢಿಗೆ ಹಕ್ಕಿನ ಅಂಗಿ ತೊಡಿಸಿದ್ರೆ, ಕೇಳೋರು ಎರಡನ್ನೂ ಒಟ್ಟಿಗೆ ತಳ್ಳಿಹಾಕ್ತಾರೆ. ‘ಇವರಿಗೆ ಏನು ಬದಲಿಸಿದರೂ ಆಗಲ್ಲ’ ಅಂತಾರೆ. ನಷ್ಟ ಆಗೋದು ಆ ಡಿಪ್ಲೊಮಾ ಹುಡುಗಿಗೆ.

ಹಿರಿಯರು: ಮಾತು ಚೆನ್ನಾಗಿದೆ. ಆದರೆ ರೂಢಿ ಅಷ್ಟು ಹಗುರದ್ದಲ್ಲ. ಹತ್ತಿಪ್ಪತ್ತು ವರ್ಷ ದುಡಿದು ಕೈ ಕಲಿತದ್ದು ಕೂಡ ಒಂದು ಆಸ್ತಿ. ಅದನ್ನ ನಾನು ಕಂಪನಿಯಿಂದ ಕೊಂಡದ್ದಲ್ಲ, ನಾನೇ ಗಳಿಸಿದ್ದು. ಒಂದು ಮೇಳದ ಬೆಳಗ್ಗೆ ಯಾರೋ ಅದರ ಬೆಲೆ ಸೊನ್ನೆ ಮಾಡಿದ್ರೆ ನನಗೆ ಕೇಳೋ ಹಕ್ಕು ಇಲ್ವಾ? 2015ರಲ್ಲಿ ಥಿಂಕ್‌ಪ್ಯಾಡ್ ವಿನ್ಯಾಸದ ಮುಖ್ಯಸ್ಥರಾಗಿದ್ದ ಡೇವಿಡ್ ಹಿಲ್ ‘ಹಳೇ ಕಾಲದ ಥಿಂಕ್‌ಪ್ಯಾಡ್ ಮತ್ತೆ ಮಾಡಿದ್ರೆ ಹೇಗಿರಬೇಕು’ ಅಂತ ಬಳಸೋರನ್ನೇ ಕೇಳಿದರು. 2017ಕ್ಕೆ ಥಿಂಕ್‌ಪ್ಯಾಡ್ 25 ಬಂತು. ಒಳಗೆ ಹೊಸ ಚಿಪ್, ಮೇಲೆ ಏಳು ಸಾಲಿನ ಕೀಬೋರ್ಡು. ಹೊಸದರ ಜೊತೆ ಹಳೇದು ಕೂಡಿ ಬಾಳಬಹುದು ಅಂತ ಅವರೇ ಮಾಡಿ ತೋರಿಸಿದರು.

ಕಿರಿಯಳು: ಸೀಮಿತ ಸಂಖ್ಯೆಯಲ್ಲಿ ಮಾಡಿದರು, ಅಲ್ಲಿಗೆ ನಿಲ್ಲಿಸಿದರು. ಅದು ಸಾಲಾಗಿ ಬೆಳೀಲಿಲ್ಲ.

ಹಿರಿಯರು: ಬೆಳೀಲಿಲ್ಲ. ಆ ಸಂಕಟ ಇನ್ನೂ ಇದೆ.

ಕಿರಿಯಳು: ನಾನು ಕಾಯ್ತಿರೋದಕ್ಕೆ ಇನ್ನೊಂದು ಕಾರಣ ಇದೆ. ಯುರೋಪಿನ ಹೊಸ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರೋ ಇಂಥ ಸಾಧನಗಳ ಬ್ಯಾಟರಿಯನ್ನ ಬಳಸೋರೇ ತೆಗೆದು ಬದಲಿಸೋ ಹಾಗಿರಬೇಕು. ಯುರೋಪಿಗೆ ಒಂದು ಬೋರ್ಡು, ಭಾರತಕ್ಕೆ ಒಂದು ಬೋರ್ಡು ಅಂತ ಸಾಮಾನ್ಯವಾಗಿ ಬೇರೆ ಬೇರೆ ಮಾಡಲ್ಲ, ಖರ್ಚು ಜಾಸ್ತಿ. ಹಾಗಾಗಿ ಈಗ ಬರೋ ಹೊಸ ಮೈಕಟ್ಟುಗಳು ಬಿಚ್ಚೋಕೆ ಸುಲಭ ಇರಬಹುದು ಅನ್ನೋ ಆಸೆ ನನಗೆ. ನಮ್ಮ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಗಾಳಿ ಈ ಕಡೆಗೇ ಬೀಸ್ತಿದೆ.

ಹಿರಿಯರು: ಹಾಗೆ ಬಂದರೆ ಮೊದಲು ಸಂತೋಷ ಪಡೋನು ನಾನೇ. ಬ್ಯಾಟರಿ ಬಿಚ್ಚೋಕೆ ಬಂದು ಚುಕ್ಕೆ ಹೋಗಿದ್ದರೆ?

ಕಿರಿಯಳು: ನನಗೆ ಬೇಜಾರಾಗಲ್ಲ. ನಿಮಗೆ ಆಗುತ್ತೆ. ಅದನ್ನ ಸುಳ್ಳು ಹೇಳಿ ಮುಚ್ಚಲಾರೆ.

ಹಿರಿಯರು: ಸರಿ. ಟಿ480ಗೆ ಒಂದು ಹೊಸ ಬ್ಯಾಟರಿ ಹಾಕಿಸ್ತೀನಿ, ಮೇಳದವರೆಗೆ ಕಾಯ್ತೀನಿ. ನೀನು ಹೇಳಿದ್ದಕ್ಕೆ ಕಾಯ್ತಿರೋದು, ಅಳುಕು ಹೋಗಿದೆ ಅಂತಲ್ಲ.

ಕಿರಿಯಳು: ಬಿಡುಗಡೆಯಾದ ದಿನ ಜಾಹೀರಾತಿನ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಥಿಂಕ್‌ಪ್ಯಾಡ್‌ಗೆ ಯಂತ್ರ ಬಿಚ್ಚಿ ಜೋಡಿಸೋ ಕೈಪಿಡಿಯನ್ನ ಕಂಪನಿಯೇ ಎಲ್ಲರಿಗೂ ಸಿಗೋ ಹಾಗೆ ಪ್ರಕಟಿಸುತ್ತೆ. ಅದು ಬಂದ ಮೇಲೆ ಇಬ್ಬರೂ ಕೂತು ಓದೋಣ. ನೀವು ಕೀಬೋರ್ಡಿನ ಪುಟ ನೋಡಿ, ನಾನು ಬೋರ್ಡಿನ ಪುಟ ನೋಡ್ತೀನಿ.

ಅವರ ಮಾತು ಅಲ್ಲಿಗೆ ನಿಂತಿತು. ಚುಕ್ಕೆಯ ವಿಚಾರದಲ್ಲಿ ಇಬ್ಬರೂ ತಂತಮ್ಮ ಜಾಗ ಬಿಟ್ಟು ಕದಲಿಲ್ಲ, ಕದಲಬೇಕು ಎಂದು ನನಗೂ ಅನಿಸುವುದಿಲ್ಲ. ಓದುಗರಲ್ಲಿ ನನ್ನದೊಂದು ಕೋರಿಕೆ ಇದೆ. ಯಾವ ಕಂಪನಿಯದೇ ಆಗಲಿ, ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಬಣ್ಣ, ತೂಕ, ಬೆಲೆ ಕೇಳಿದ ಮೇಲೆ ಅಂಗಡಿಯವರನ್ನು ಇನ್ನೆರಡು ಮಾತು ಕೇಳಿ: ಇದರ ರ‍್ಯಾಮ್ ಬೋರ್ಡಿಗೆ ಬೆಸುಗೆಯಾಗಿದೆಯೋ ಸ್ಲಾಟಿನಲ್ಲಿದೆಯೋ, ಇದರ ಬ್ಯಾಟರಿ ನಾಲ್ಕು ವರ್ಷದ ಮೇಲೂ ಬಿಡಿಯಾಗಿ ಸಿಗುತ್ತದೆಯೋ ಇಲ್ಲವೋ. ಆಫೀಸಿಗೆಂದು ನೂರಾರು ಲ್ಯಾಪ್‌ಟಾಪ್ ಒಟ್ಟಿಗೆ ಕೊಳ್ಳುವ ಹೊಣೆ ಹೊತ್ತವರು ಇದನ್ನು ಟೆಂಡರಿನಲ್ಲೇ ಬರೆಯಿರಿ. ಮುಂದಿನ ವಿನ್ಯಾಸ ಹೇಗಿರಬೇಕೆಂದು ಕಂಪನಿಗಳು ಮೊದಲು ಕಿವಿಗೊಡುವುದು ನಿಮ್ಮ ಮಾತಿಗೆ.